ಓನರ್ ಅಂಕಲ್ ಮಾಡುತ್ತಿದ್ದ ಸೀಗಡಿ ಸ್ಟ್ಯೂ

ಎಣ್ಣೆಯಲ್ಲಿ ಮೈದಾ ಹುರಿಯುತ್ತಿದ್ದರೆ, ಅದು ಸೀಯುವುದಕ್ಕೆ ಸ್ವಲ್ಪ ಮೊದಲು ಹುರಿದ ಕಡಲೆಕಾಯಿಯ ವಾಸನೆ ಬರುತ್ತದೆ. ಆಮೇಲೆ ಕಾಫಿ ಬೀಜದ ವಾಸನೆ. ಅದನ್ನೂ ದಾಟಿತೆಂದರೆ ಮುಗಿಯಿತು, ಉಳಿಯುವುದು ಪಾತ್ರೆ ಉಜ್ಜುವ ಕೆಲಸ ಮಾತ್ರ. ಹೋದ ವಾರ ವಾಲ್‌ನಟ್ ಎಂಬ ಪಕ್ಕದ ಊರಿನಲ್ಲಿ ಒಬ್ಬರ ಮನೆಯ ಪಾರ್ಟಿಗೆ ಊಟ ತಲುಪಿಸಲು ಹೋಗಿದ್ದೆ. ಆ ಮನೆಯ ಹುಡುಗಿ ಮೊಬೈಲನ್ನು ಒಲೆಯ ಪಕ್ಕದಲ್ಲಿ ಒರಗಿಸಿಟ್ಟುಕೊಂಡು, ವಿಡಿಯೊ ನೋಡುತ್ತಾ ಬಾಣಲೆಯಲ್ಲಿ ಹಿಟ್ಟು ತಿರುವುತ್ತಿದ್ದಳು. ಟ್ರೇ ಕೆಳಗಿಡುವ ಮೊದಲೇ ನಾನು ಕೈ ಚಾಚಿ ಒಲೆ ಆರಿಸಿಬಿಟ್ಟೆ.

"ಅಯ್ಯೋ ಆಂಟಿ, ವಿಡಿಯೊದಲ್ಲಿ ಇನ್ನೂ ಐದು ನಿಮಿಷ ಅಂದ್ರು!"

"ವಿಡಿಯೊಗೆ ಮೂಗಿಲ್ಲ ಕಣಮ್ಮ. ಕೆಳಗಿಳಿಸು."

ಇಳಿಸಿದಳು, ಹಿಟ್ಟು ಉಳಿಯಿತು. ನಾನು ವ್ಯಾನಿಗೆ ಬಂದು ಕೂತೆ. ಬಹಳ ಹೊತ್ತು ಗಾಡಿ ಸ್ಟಾರ್ಟ್ ಮಾಡಲು ಆಗಲಿಲ್ಲ...

ನನಗೆ ಈ ವಾಸನೆಯ ಪಾಠ ಹೇಳಿಕೊಟ್ಟವರು ನಮ್ಮ ಓನರ್ ಅಂಕಲ್. ಪೊಮೊನಾದಲ್ಲಿ ಅವರ ಮನೆಯ ಹಿತ್ತಿಲಲ್ಲಿರುವ ಚಿಕ್ಕ ಮನೆಗೆ ನಾನು ಬಾಡಿಗೆಗೆ ಬಂದದ್ದು 2020ರ ಆರಂಭದಲ್ಲಿ, ಊರೆಲ್ಲ ಬಾಗಿಲು ಹಾಕಿಕೊಳ್ಳುವುದಕ್ಕೆ ಕೆಲವೇ ವಾರ ಮೊದಲು. ಅವರು ಕುಮಟಾ ಕಡೆಯವರು. ವಯಸ್ಸಿನಲ್ಲಿದ್ದಾಗ ಲೂಯಿಸಿಯಾನಾದ ಕಡಲಿನಲ್ಲಿ, ತೈಲಬಾವಿಗಳಿಗೆ ಸಾಮಾನು ಒಯ್ಯುವ ಹಡಗುಗಳಲ್ಲಿ ಎಂಜಿನ್ ನೋಡಿಕೊಳ್ಳುತ್ತಿದ್ದರಂತೆ. ಆ ಹಡಗಿನ ಅಡುಗೆಯವನು ಅಲ್ಲಿಯವನೇ, ಕೇಜನ್ ಎಂಬ ಫ್ರೆಂಚ್ ಮೂಲದ ಜನರವನು. ಅವನಿಂದ ಕಲಿತದ್ದು ಈ ಸೀಗಡಿ ಸ್ಟ್ಯೂ. ನಾನು ಬರುವ ಹೊತ್ತಿಗೆ ಹೆಂಡತಿ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಒಬ್ಬಳೇ ಮಗಳು, ಸ್ಯಾನ್ ಡಿಯೇಗೊದಲ್ಲಿ ಟೆಲಿಕಾಂ ಕೆಲಸ.

ನಾನು ಶಿವಾಜಿನಗರದಲ್ಲಿ ಮೀನು ಮಾರುವವರ ಮಗಳು. ಈ ದೇಶಕ್ಕೆ ಬಂದ ಮೇಲೆ ಊಟದ ಡಬ್ಬಿ ಕಟ್ಟಿ ಕಟ್ಟಿ ನನ್ನ ಕಾಲ ಮೇಲೆ ನಿಂತವಳು. ಮನೆ ನೋಡಲು ಹೋದ ದಿನವೇ ಅವರ ಅಡುಗೆಮನೆಯ ಸಿಂಕಿನಲ್ಲಿದ್ದ ಸೀಗಡಿಯ ಮೇಲೆ ನನ್ನ ಕಣ್ಣು ಬಿತ್ತು. ಒಂದನ್ನು ಎತ್ತಿ ಮೂಸಿದೆ. "ಇವತ್ತಿಂದು ಅಂತ ಕೊಟ್ಟಿದಾರಲ್ವಾ? ಮೊನ್ನೆದು ಅಂಕಲ್ ಇದು. ಇನ್ಮೇಲೆ ಮೀನು ನಾನು ತಂದ್ಕೊಡ್ತೀನಿ. ಬಾಡಿಗೆ ಸ್ವಲ್ಪ ನೋಡಿ."

"ಎಂತ ಮಾರಾಯ್ತಿ! ಮನೆ ನೋಡ್ಲಿಕ್ಕೆ ಬಂದವಳು ನನ್ನ ಸೀಗಡಿ ನೋಡ್ತೀಯಲ್ಲ!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ಬಾಡಿಗೆಯನ್ನೂ ಇಳಿಸಿದರು. ಅಂದಿನಿಂದ ನನ್ನ ಮೂಗಿನ ಮೇಲೆ ಅವರಿಗೆ ಎಲ್ಲಿಲ್ಲದ ನಂಬಿಕೆ.

ಪ್ರತಿ ಶುಕ್ರವಾರ ಅವರ ಸ್ಟ್ಯೂ. ನೀವು ಮಾಡುವುದಾದರೆ ಕೇಳಿ: ತಲೆ ಇರುವ ಸೀಗಡಿಯನ್ನೇ ತನ್ನಿ. ಸುಲಿದು ಪ್ಯಾಕೆಟ್ ಮಾಡಿದ್ದು ಅಗ್ಗ ಎಂದು ಮರುಳಾಗಬೇಡಿ. ತಲೆ ಮತ್ತು ಸಿಪ್ಪೆಯನ್ನು ಬೇರೆಯಾಗಿ ಕುದಿಸಿ ಸೋಸಿದ ನೀರೇ ಈ ಅಡುಗೆಯ ಜೀವ. ಎಣ್ಣೆ ಎಷ್ಟೋ ಮೈದಾ ಅಷ್ಟು. ಸಣ್ಣ ಉರಿ, ದಪ್ಪ ತಳದ ಪಾತ್ರೆ, ಕೈ ಬಿಡದೆ ಮುಕ್ಕಾಲು ಗಂಟೆ ತಿರುವಬೇಕು. ಹಳೆಯ ಬೆಲ್ಲದ ಬಣ್ಣ ಬಂದಾಗ ಈರುಳ್ಳಿ, ದೊಣ್ಣೆಮೆಣಸಿನಕಾಯಿ, ಸೆಲೆರಿ ಸೊಪ್ಪಿನ ದಂಟು ಹಾಕಿದರೆ ಹಿಟ್ಟು ಅಲ್ಲಿಗೇ ತಣಿದು ನಿಲ್ಲುತ್ತದೆ. ಆಮೇಲೆ ಬೆಳ್ಳುಳ್ಳಿ, ಖಾರದ ಪುಡಿ, ಆ ಸಿಪ್ಪೆಯ ನೀರು. ಚೆನ್ನಾಗಿ ಕುದಿದ ಮೇಲೆ ಬೇಯಿಸಿದ ಮೊಟ್ಟೆ, ಕಟ್ಟಕಡೆಗೆ ಸೀಗಡಿ, ಮೂರೇ ನಿಮಿಷ. ಬಿಸಿ ಅನ್ನದ ಮೇಲೆ ಸುರಿದುಕೊಂಡು ತಿನ್ನಬೇಕು. ಲಾಕ್‌ಡೌನಿನ ದಿನಗಳಲ್ಲಿ ಅವರು ಒಂದು ಡಬ್ಬಿಯನ್ನು ನನ್ನ ಬಾಗಿಲ ಮುಂದೆ ಇಟ್ಟು, ಆರಡಿ ಹಿಂದಕ್ಕೆ ಸರಿದು ನಿಂತು, ನಾನು ಮೊದಲ ತುತ್ತು ತಿನ್ನುವುದನ್ನು ನೋಡುತ್ತಿದ್ದರು.

ಆ ವರ್ಷದ ಚಳಿಗಾಲದಲ್ಲಿ ಅವರಿಗೆ ಕೋವಿಡ್ ಬಂತು. ಬದುಕಿದರು. ಆದರೆ ಮೂಗು ಹೋಯಿತು. ಕಾಫಿ ಡಬ್ಬಿಯೊಳಗೆ ಮುಖ ಹುದುಗಿಸಿದರೂ ಏನೂ ಗೊತ್ತಾಗುತ್ತಿರಲಿಲ್ಲ. ನಾಲಿಗೆಗೂ ಉಪ್ಪು, ಸಿಹಿ ಬಿಟ್ಟರೆ ಮಿಕ್ಕದ್ದೆಲ್ಲ ಒಂದೇ. ಊಟ ರುಚಿಸದಿದ್ದುದಕ್ಕೆ ಅವರು ಕೊರಗಲಿಲ್ಲ. ಕೊರಗಿದ್ದು ಸ್ಟ್ಯೂಗಾಗಿ. ಎಲ್ಲ ಸರಿಹೋದ ಮೇಲೆ ಮಗಳ ಮನೆಗೆ ಹೋಗಿ ತಮ್ಮ ಕೈಯಾರೆ ಅದನ್ನು ಮಾಡಿ ಬಡಿಸುವುದಾಗಿ ಮಾತು ಕೊಟ್ಟಿದ್ದರು. ಕಣ್ಣು ಮಂಜಾಗಿತ್ತು, ಬಣ್ಣ ನೋಡಿ ಹಿಟ್ಟು ಇಳಿಸುವುದು ಅವರಿಂದಾಗುತ್ತಿರಲಿಲ್ಲ. "ಹಡಗಲ್ಲೇ ಇದ್ದೆ ನಾನು. ಅವಳು ಬೆಳೆದದ್ದೇ ನೋಡ್ಲಿಲ್ಲ. ರಜೆಗೆ ಬಂದಾಗ ಮಾಡಿ ಹಾಕ್ತಿದ್ದದ್ದು ಇದೊಂದೇ. ಇದೂ ಹೋದ್ರೆ ಅವಳ ಎದುರು ಎಂತ ಹಿಡ್ಕೊಂಡು ನಿಲ್ಲೂದು?" ಎಂದರು ಒಮ್ಮೆ.

ನಾಲ್ಕೈದು ತಿಂಗಳು ನಾನೇ ಅವರ ಮೂಗಾದೆ. "ಬಾ ಮಾರಾಯ್ತಿ, ನಿನ್ನ ಮೂಗು ಸ್ವಲ್ಪ ಬಾಡಿಗೆಗೆ ಕೊಡು" ಎಂದು ಕಿಟಕಿಯಿಂದ ಕೂಗುವರು. ನಾನು ಹೋಗಿ ಒಲೆಯಿಂದ ದೂರದಲ್ಲಿ ಮಾಸ್ಕ್ ಇಳಿಸಿ ನಿಲ್ಲುವೆ. "ಇನ್ನೂ ಇಲ್ಲ... ಇನ್ನೂ ಇಲ್ಲ... ಹ್ಞಾಂ, ಈರುಳ್ಳಿ ಹಾಕಿ!" ಚೆನ್ನಾಗಿಯೇ ನಡೆದಿತ್ತು. ಆದರೆ ಸ್ಯಾನ್ ಡಿಯೇಗೊಗೆ ನನ್ನನ್ನು ಕಟ್ಟಿಕೊಂಡು ಹೋಗುವ ಹಾಗಿರಲಿಲ್ಲವಲ್ಲ.

ಮರುವರ್ಷ ಮೇ ತಿಂಗಳಲ್ಲಿ ಮನೆಯ ಲೀಸ್, ಅಂದರೆ ಬಾಡಿಗೆ ಕರಾರು, ಮುಗಿಯುತ್ತಿತ್ತು. ಈ ಸಲ ಬಾಡಿಗೆ ಏರಿಸಲೇಬೇಕು ಎಂದು ಅವರು ಮೊದಲೇ ಸೂಚನೆ ಕೊಟ್ಟಿದ್ದರು. ನಾನೂ ಒಂದು ವಾರದಿಂದ ನನ್ನ ಕಡೆಯ ಮಾತುಗಳನ್ನೆಲ್ಲ ಜೋಡಿಸಿಕೊಂಡಿದ್ದೆ. ಮಧ್ಯಾಹ್ನ ಹೋದೆ. ಮೇಜಿನ ಮೇಲೆ ಲೀಸಿನ ಕಾಗದ, ಬಾಡಿಗೆಯ ಜಾಗ ಖಾಲಿ. ಅದರ ಪಕ್ಕದಲ್ಲಿ ನನಗಾಗಿ ಒಂದು ತಟ್ಟೆ ಸ್ಟ್ಯೂ.

"ತಿಂದು ಹೇಳು ನೋಡುವ. ಇವತ್ತು ಯಾರನ್ನೂ ಕರೀಲಿಲ್ಲ. ವಾಸನೆ ಬಂದ ಹಾಗೆ ಆಯ್ತು, ಇಳಿಸಿದೆ. ಸೀದಿದ್ಯಾ?"

ಸೀದಿತ್ತು. ಬಾಗಿಲಲ್ಲೇ ನನಗೆ ಗೊತ್ತಾಗಿತ್ತು. ಬಾಯಿಗಿಟ್ಟರೆ ನಾಲಿಗೆಯ ಬುಡದಲ್ಲಿ ಕಹಿ ಹಿಡಿದುಕೊಂಡಿತು. ಅವರು ಸೌಟು ಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದರು.

"ಫಸ್ಟ್ ಕ್ಲಾಸ್ ಅಂಕಲ್. ಕಡಲೆಕಾಯಿ ದಾಟಿ ಕಾಫಿಗೆ ಬರೋ ಹೊತ್ತಿಗೆ ಸರಿಯಾಗಿ ಇಳಿಸಿದೀರ. ಒಂದು ನಿಮಿಷ ಹೆಚ್ಚಿಲ್ಲ, ಒಂದು ನಿಮಿಷ ಕಮ್ಮಿ ಇಲ್ಲ."

ಬರೀ 'ಚೆನ್ನಾಗಿದೆ' ಎಂದಿದ್ದರೆ ಅವರು ನಂಬುತ್ತಿರಲಿಲ್ಲ. ವಿವರ ಸೇರಿಸಿ ಹೇಳಿದರೆ ಗಿರಾಕಿ ನಂಬುತ್ತಾನೆಂದು ನನಗೆ ಚಿಕ್ಕಂದಿನಿಂದಲೇ ಗೊತ್ತು.

"ಹಾಗಾದ್ರೆ ಮೂಗು ಬಂತು!" ಎಂದು ಸೌಟನ್ನು ಅಲ್ಲಿಯೇ ಬಿಟ್ಟು ಕುರ್ಚಿಯಲ್ಲಿ ಕುಸಿದು ಕೂತರು. ಕಣ್ಣು ಒರೆಸಿಕೊಂಡರು. ನಾನು ಬಾಯಿ ತೆರೆಯುವ ಮೊದಲೇ ಹಳೆಯ ಬಾಡಿಗೆಯನ್ನೇ ಬರೆದು ಸಹಿ ಹಾಕಿ ಕಾಗದವನ್ನು ನನ್ನ ಕಡೆ ತಳ್ಳಿದರು. ಮುದುಕರ ಸಂತೋಷ ಕೆಡಿಸಬಾರದೆಂದು ಸುಳ್ಳು ಹೇಳಿದೆನೋ, ಕಾಗದಕ್ಕಾಗಿ ಹೇಳಿದೆನೋ... ತೂಗುವುದೇ ನನ್ನ ಕಸುಬು. ಆದರೂ ಇವತ್ತಿನವರೆಗೆ ಅದನ್ನು ತೂಗಿ ನೋಡಿಲ್ಲ. ಹಿರಿಯರು ಬಡಿಸಿದ ಅಡುಗೆಗೆ ಹೆಸರಿಡುವುದು ನಮ್ಮಲ್ಲಿ ಇಲ್ಲ ಎಂದು ಅವತ್ತು ನನಗೆ ನಾನೇ ಹೇಳಿಕೊಂಡೆ.

ಅಂದಿನಿಂದ ಕಿಟಕಿಯ ಕೂಗು ನಿಂತಿತು.

ಜೂನ್‌ನಲ್ಲಿ ಮಗಳ ಮನೆಗೆ ಹೊರಟರು. ಹೆಚ್ಚುಕಡಿಮೆ ಒಂದೂವರೆ ವರ್ಷದ ಮೇಲೆ ಮೊದಲ ಭೇಟಿ. ಶುಕ್ರವಾರ ನಾನೇ ಸೀಗಡಿ ತಂದುಕೊಟ್ಟಿದ್ದೆ, ಮೀಸೆ ಕೂಡ ಮುರಿಯದ ಮಾಲು. ಶನಿವಾರ ಬೆಳಿಗ್ಗೆ ಹೋಗಬೇಕಿದ್ದದ್ದು ಮಗಳಿಗೆ ಯಾವುದೋ ಕೆಲಸ ಬಂದು ಭಾನುವಾರಕ್ಕೆ ಹೋಯಿತು. ಅಡುಗೆಮನೆಯ ಫ್ರಿಜ್ ತುಂಬಿತ್ತೆಂದು ಸೀಗಡಿಯನ್ನು ಗ್ಯಾರೇಜಿನ ಹಳೆಯ ಫ್ರಿಜ್ಜಿನಲ್ಲಿ ಇಟ್ಟಿದ್ದರು. ನಾನು ಆ ಎರಡು ದಿನವೂ ಸ್ಯಾಂಟಾ ಕ್ಲಾರಿಟಾದಲ್ಲಿ ಒಂದು ಸೀಮಂತದ ಅಡುಗೆಯಲ್ಲಿದ್ದೆ. ಇದ್ದಿದ್ದರೂ ಅವರು ನನ್ನನ್ನು ಕರೆಯುತ್ತಿರಲಿಲ್ಲ.

ಮಗಳ ಮನೆಯಲ್ಲಿ ಸ್ಟ್ಯೂ ಮಾಡಿ ತಿಂದ ಭಾನುವಾರ ರಾತ್ರಿಯೇ ವಾಂತಿ ಶುರುವಾಯಿತಂತೆ. ಸಕ್ಕರೆ ಕಾಯಿಲೆ ಇತ್ತು, ಮೂತ್ರಪಿಂಡ ಮೊದಲೇ ಸೋತಿತ್ತು. ಬುಧವಾರ ಆಸ್ಪತ್ರೆಯಲ್ಲೇ ಹೋದರು.

ಹದಿನೈದು ದಿನದ ಮೇಲೆ ಮಗಳು ಮನೆ ತೆರವು ಮಾಡಲು ಪೊಮೊನಾಗೆ ಬಂದಳು. ಗ್ಯಾರೇಜಿನ ಫ್ರಿಜ್ ಖಾಲಿ ಮಾಡುವ ಕೆಲಸ ನಾನು ವಹಿಸಿಕೊಂಡೆ. ಬಾಗಿಲು ತೆರೆದರೆ ದೀಪವೇನೋ ಹೊತ್ತಿತು, ಒಳಗೆ ತಂಪು ಮಾತ್ರ ಇರಲಿಲ್ಲ. ಕೆಟ್ಟು ಎಷ್ಟು ದಿನವಾಗಿತ್ತೋ. ಆ ಬಿಸಿಲಲ್ಲಿ ಎರಡು ದಿನ ಅಲ್ಲಿದ್ದ ಸೀಗಡಿ ಎಂಥ ನಾತ ಹೊಡೆದಿರಬೇಕು! ಮೂಗಿರುವ ಯಾರೇ ಆಗಲಿ ಚೀಲ ಬಿಚ್ಚಿದೊಡನೆ ಎಸೆಯುತ್ತಿದ್ದರು. ಆ ಮಟ್ಟಕ್ಕೆ ಹೋದ ವಿಷ ಕುದಿಸಿದರೂ ಹೋಗುವುದಿಲ್ಲ.

ಮಗಳು ಬಾಗಿಲಿಗೆ ಒರಗಿ ನಿಂತಿದ್ದಳು. ಇಲ್ಲಿಯೇ ಹುಟ್ಟಿ ಬೆಳೆದವಳು, ಆದರೂ ಅಪ್ಪನ ಜೊತೆ ಕನ್ನಡದಲ್ಲೇ ಮಾತಾಡಿದವಳು.

"ಅಕ್ಕ, ಅವತ್ತು ನಮ್ಮ ಮನೇಲಿ ನಾನು ಮೇಲೆ ಆಫೀಸ್ ಕಾಲ್‌ನಲ್ಲಿದ್ದೆ. ಕೆಳಗೆ ಬರೋಷ್ಟರಲ್ಲಿ ಅಡುಗೆ ಆಗಿತ್ತು. ನನ್ನ ಮಗಳು 'ಅಜ್ಜ, ಇಟ್ ಸ್ಟಿಂಕ್ಸ್' ಅಂದ್ಲು, ಬಾಯಿಗೇ ಇಡ್ಲಿಲ್ಲ. ಅಪ್ಪ ನಕ್ಕುಬಿಟ್ರು. 'ನಿಂಗೆ ಸೀಗಡಿ ಗೊತ್ತಿಲ್ಲ ಪುಟ್ಟಿ. ನನ್ನ ಮೂಗಿಗೆ ಮೀನು ಮಾರುವವರ ಮಗಳೇ ಸರ್ಟಿಫಿಕೇಟ್ ಕೊಟ್ಟಿದಾಳೆ' ಅಂದ್ರು."

ನಾನು ಫ್ರಿಜ್ಜಿನ ತಟ್ಟೆ ಒರೆಸುತ್ತಲೇ ಇದ್ದೆ.

"ನಾನೂ ಒಂದು ಸ್ಪೂನ್ ತಿಂದೆ. ಏನೋ ಸರಿ ಇಲ್ಲ ಅನ್ನಿಸ್ತು. ಆದ್ರೆ ಅಷ್ಟು ದಿನ ಆದ್ಮೇಲೆ ಬಂದಿದಾರೆ, ನಿಂತು ಮಾಡಿದಾರೆ... ಹೇಳ್ಲಿಲ್ಲ. ಇನ್ನೊಂದು ಕಾಲ್ ಇದೆ ಅಂತ ಎದ್ದು ಹೋದೆ. ಅವರು ನನ್ನ ಪಾಲನ್ನೂ ತಿಂದ್ರು." ನನ್ನ ಕಡೆ ತಿರುಗಿ ಕೇಳಿದಳು: "ಅಕ್ಕ, ನಿಜ ಹೇಳಿ. ಅಪ್ಪನ ಮೂಗು ಸರಿ ಹೋಗಿತ್ತಾ?"

ಇಲ್ಲ ಎನ್ನುವ ಎರಡಕ್ಷರ ಸಾಕಿತ್ತು.

"ಸರಿ ಹೋಗಿತ್ತು," ಎಂದೆ. "ನಾನೇ ನೋಡಿದ್ದೆ."

"ಹಾಗಾದ್ರೆ ವಾಸನೆ ಅಷ್ಟಿರಲಿಲ್ಲ ಅನ್ಸತ್ತೆ. ಬಾಯಿಗೆ ಇಟ್ಟಾಗ್ಲೇ ಗೊತ್ತಾಗೋದು. ಅಪ್ಪನ ನಾಲಿಗೆ ಇನ್ನೂ ಸರಿಯಾಗಿರ್ಲಿಲ್ಲವೇನೋ, ನಂಗೊಬ್ಬಳಿಗೇ ಗೊತ್ತಾಗಿದ್ದು. ನಾನೇ ಹೇಳ್ಬೇಕಿತ್ತು," ಎಂದು ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತಳು. ನಾನು ಬೆನ್ನು ಸವರಿದೆ. ಸಮಾಧಾನ ಹೇಳಿದೆ. ನಿಜ ಬಿಟ್ಟು ಮಿಕ್ಕದ್ದೆಲ್ಲ ಹೇಳಿದೆ.

ಎಷ್ಟೋ ಜನ ನನ್ನನ್ನು ಸಲಹೆ ಕೇಳುತ್ತಾರೆ. ಯಾವ ಅಂಗಡಿ, ಯಾವ ಮಾಲು, ಎಷ್ಟಕ್ಕೆ ಕೇಳಬೇಕು ಎಂದು. ಈಗ ಯಾರೂ ಕೇಳದಿದ್ದರೂ ಒಂದು ಹೇಳುತ್ತೇನೆ. ಮನೆಯಲ್ಲಿ ಮೂಗು ಕಳೆದುಕೊಂಡವರಿದ್ದರೆ ಮೀನು ಮಾಂಸದ ಚೀಲದ ಮೇಲೆ ತಂದ ದಿನವನ್ನು ದಪ್ಪಕ್ಷರದಲ್ಲಿ ಬರೆದಿಡಿ, ಫ್ರಿಜ್ಜಿನ ದೀಪ ನೋಡಿ ನಂಬಬೇಡಿ. ಅವರು ತಟ್ಟೆ ಮುಂದಿಟ್ಟು ಹೇಗಿದೆ ಎಂದು ಕೇಳಿದರೆ, ಕಹಿಯಿದ್ದರೆ ಕಹಿ ಎಂದೇ ಹೇಳಿ. ಒಂದು ಮಧ್ಯಾಹ್ನ ಅವರ ಮುಖ ಬಾಡುತ್ತದೆ, ಅಷ್ಟೇ.

ಅಂಕಲ್ ಇದ್ದ ಮುಂದಿನ ಮನೆಯಲ್ಲಿ ಈಗ ಬೇರೆ ಸಂಸಾರವಿದೆ. ಮಗಳು ಮೂರು ತಿಂಗಳಿಗೊಮ್ಮೆ ಮನೆ ನೋಡಲು ಬರುತ್ತಾಳೆ, ನನ್ನ ಹತ್ತಿರ ಚಹಾ ಕುಡಿದು ಹೋಗುತ್ತಾಳೆ. ಅಪ್ಪ ನಂಬಿದ್ದವರು ಎಂದು ನನ್ನ ಬಾಡಿಗೆಯನ್ನು ಇವತ್ತಿಗೂ ಏರಿಸಿಲ್ಲ. ಅವಳು ಸೀಗಡಿ ತಿನ್ನುವುದನ್ನು ಬಿಟ್ಟಿದ್ದಾಳೆ. ಮಾತಿನ ಮಧ್ಯೆ ಒಮ್ಮೊಮ್ಮೆ "ನಾನು ಅವತ್ತು ಹೇಳಿದ್ದಿದ್ರೆ..." ಎನ್ನುತ್ತಾಳೆ.

ಅವಳು ಕನ್ನಡ ಚೆನ್ನಾಗಿ ಮಾತಾಡುತ್ತಾಳೆ. ಓದಲು ಮಾತ್ರ ಬರುವುದಿಲ್ಲ. ಅದು ಗೊತ್ತಿರುವುದರಿಂದಲೇ ಇಷ್ಟನ್ನು ಇಲ್ಲಿ ಬರೆದಿದ್ದೇನೆ.