ಎಡಕ್ಕೆ ವಾಲಿದ ಗೀಟು

ಬಿಯರ್ ಕಾರ್ಖಾನೆಯ ಟ್ಯಾಂಕ್ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ದುಡಿದ ಆ ಹೆಂಗಸನ್ನು ಎಲ್ಲರೂ ಮೂಗಿನಕ್ಕ ಅಂತಲೇ ಕರೆಯುತ್ತಿದ್ದರು. ಕುಡಿಯುವವಳಲ್ಲ. ಮೂಸಿ, ಒಂದು ಗುಟುಕು ಬಾಯಲ್ಲಾಡಿಸಿ, ಉಗಿಯುವವಳು. ಒಪ್ಪಿಗೆಯಾದರೆ ಟ್ಯಾಂಕಿನ ಮೇಲೆ ಎಡಗೈಯಲ್ಲಿ ಸೀಮೆಸುಣ್ಣದ ಒಂದು ಗೀಟು, ಎಡಕ್ಕೆ ವಾಲಿದ್ದು. ಅದಿಲ್ಲದೆ ಒಂದು ಬಾಟಲಿಯೂ ತುಂಬುವ ಹಾಗಿಲ್ಲ. ಮಾಲು ಕೆಟ್ಟರೆ ತುಂಬುವವರ ಸಂಬಳಕ್ಕೆ ಕತ್ತರಿ ಹಾಕುತ್ತಿದ್ದ ಕಾಲದಲ್ಲಿ ಮುಷ್ಕರ ಹೂಡಿ, ಲಾಠಿ ತಿಂದು ಗೆದ್ದ ಕಟ್ಟಳೆ ಅದು.

ಇಸ್ತ್ರಿ ಮಡಿಕೆ ಕೆಡದ ಹೊಸ ಮ್ಯಾನೇಜರ್ ಬಂದ.

"ಮೂರನೇ ಟ್ಯಾಂಕಿಗೆ ಗೀಟು ಹಾಕಮ್ಮ. ಲಾಗರ್ ಲೇಬಲ್ ಬಂದಿದೆ."

"ಅದು ಏಲ್, ಸಾರ್."

"ಎರಡೂ ಬಿಯರೇ ತಾನೇ?"

ಅವಳಿಗೆ ಪಿತ್ತ ನೆತ್ತಿಗೇರಿತು. "ಏಲ್ ಯೀಸ್ಟು ಬೆಚ್ಚಗಿದ್ದರೆ ಮೇಲೆದ್ದು ಕುಣಿಯುತ್ತೆ, ವಾರದೊಳಗೆ ಹಣ್ಣಿನ ವಾಸನೆ ಬರುತ್ತೆ. ಲಾಗರ್ ಯೀಸ್ಟು ಚಳಿಯಲ್ಲಿ ತಳ ಹಿಡಿದು ನಿಧಾನಕ್ಕೆ ದುಡಿಯೋದು. ಆಮೇಲೂ ವಾರಗಟ್ಟಲೆ ತಣ್ಣಗೆ ಮಲಗಿಸಬೇಕು, ಆಗ ತಿಳಿಯಾಗುತ್ತೆ. ಇದು ಒಂಬತ್ತು ದಿನದ ಕೂಸು!"

"ಹಾಗಾದ್ರೆ ಬಣ್ಣ ಹಾಕಿ ಸ್ಟೌಟ್ ಅನ್ನೋಣ."

"ಸ್ಟೌಟ್ ಕಪ್ಪಾಗೋದು ಬಾರ್ಲಿ ಕಪ್ಪಗೆ ಹುರಿಯೋದ್ರಿಂದ. ಬಳಿಯೋಕೆ ಇದೇನು ಗೋಡೆಯಾ?"

"ಎಲ್ಲದಕ್ಕೂ ಮೂಗು ತೂರಿಸ್ತೀಯ!"

"ಮೂಗಿಗೇ ಅಲ್ವಾ ಸ್ವಾಮಿ ಸಂಬಳ ಕೊಡೋದು?"

ಮರುದಿನ ಅವಳನ್ನು ಬಾಟಲಿ ತೊಳೆಯುವ ಕಡೆ ಅಟ್ಟಿದರು. ಬಿಸಿ ಕಾಸ್ಟಿಕ್ ಸೋಡಾ ನೀರಿನಲ್ಲಿ ಮೊಣಕೈವರೆಗೆ ಚರ್ಮ ಸುಲಿಯುವ ಜಾಗ. ಆ ಹಬೆಯಲ್ಲಿ ಒಂದು ವರ್ಷ ನಿಂತರೆ ಮೂಗೂ ಸತ್ತುಹೋಗುತ್ತದೆ. ಮ್ಯಾನೇಜರಿಗೆ ಬೇಕಾಗಿದ್ದೂ ಅದೇ.

ಮೂರನೇ ದಿನ ಬಾಟಲಿ ತುಂಬುವ ಸಾಲಿನಲ್ಲಿದ್ದ ಅವಳ ನಾದಿನಿ ಓಡಿ ಬಂದಳು. "ಅತ್ತಿಗೆ, ಮೂರನೇ ಟ್ಯಾಂಕಿಗೆ ಗೀಟು ಬಿದ್ದಿದೆ. ನೀನು ಹಾಕಿದ್ಯಾ?"

"ನಾನು ಇಲ್ಲಿ ಬೇಯ್ತಿದೀನಿ, ಕಣ್ಣಿಗೆ ಕಾಣಲ್ವೇನೇ?"

"ಅದಕ್ಕೇ ಬಲಕ್ಕೆ ವಾಲಿದೆ!"

ನಾದಿನಿ ವಾಪಸು ಹೋಗಿ ಬೆಲ್ಟಿನ ಗುಂಡಿ ಒತ್ತಿದಳು. ಸಾಲು ನಿಂತಿತು. ಹದಿನಾಲ್ಕು ಜನ ಕೈ ಕಟ್ಟಿದರು. ಮ್ಯಾನೇಜರ್ ಕೂಗಿದ, ಹೆದರಿಸಿದ, ಫೋನು ಮಾಡಿದ. ಹೊರಗೆ ಲಾರಿಗಳು ಹಾರ್ನ್ ಹೊಡೆದವು. ಒಬ್ಬರೂ ಅಲುಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವನೇ ಸೀಮೆಸುಣ್ಣ ಹಿಡಿದು ತೊಳೆಯುವ ಕಡೆ ಬಂದ.

ಮೂಗಿನಕ್ಕ ಒದ್ದೆ ಕೈ ಒರೆಸಿಕೊಂಡು ಟ್ಯಾಂಕಿನ ಬಳಿ ಹೋದಳು. ಕಳ್ಳ ಗೀಟನ್ನು ಸೆರಗಿನಿಂದ ಅಳಿಸಿದಳು. ನಲ್ಲಿ ತಿರುಗಿಸಿ ಮೂಸಿದಳು, ಬಾಯಲ್ಲಾಡಿಸಿದಳು, ಅವನ ಬೂಟಿನ ಪಕ್ಕಕ್ಕೇ ಉಗಿದಳು. ದಪ್ಪಕ್ಷರದಲ್ಲಿ 'ಏಲ್' ಎಂದು ಬರೆದು, ಕೆಳಗೆ ಎಡಕ್ಕೆ ವಾಲಿಸಿ ಗೀಟೆಳೆದಳು.

"ಏಲ್ ಆಗಿ ಬಂಗಾರದಂಥ ಮಾಲು. ಲೇಬಲ್ ಬದಲಾಯಿಸಿ ತರ್ಸಿ. ಅಲ್ಲೀವರೆಗೆ ಕೂತಿರ್ತೀವಿ."

ಖಾಲಿ ಕ್ರೇಟೊಂದನ್ನು ಬೋರಲು ಹಾಕಿ, ಮೊದಲು ಅವಳೇ ಕೂತಳು.