ಹತ್ತಿಯ ಅಂಡಿಗೆಯಲ್ಲಿ ಆರಕ್ಷರ

ಮೊಮ್ಮಗಳ ಮೊಬೈಲಿನ ಶಬ್ದದಾಟದಲ್ಲಿ ಆರು ಖಾಲಿ ಚೌಕ ಕಂಡದ್ದೇ ನನಗೆ ಉಸಿರುಗಟ್ಟಿತು.

ನಾನು ಸಣ್ಣವಳಿದ್ದಾಗ ಬೈಲಹೊಂಗಲದ ಪೇಟೆಗೆ ಒಯ್ಯುವ ಹತ್ತಿಯನ್ನು ಅಂಡಿಗೆ ಎನ್ನುವ ಆಳೆತ್ತರದ ಚೀಲಕ್ಕೆ ತುಂಬುತ್ತಿದ್ದರು. ತುಳಿಯಲು ಒಳಗಿಳಿಸುತ್ತಿದ್ದುದು ನನ್ನನ್ನು. ಒಂದು ದಿನ ಇಂಗ್ಲಿಷ್ ಹುಚ್ಚಿನ ಕಾಕಾ ಮೇಲಿನಿಂದ ಹತ್ತಿ ಸುರಿಯುತ್ತ ಕೇಳಿದ.

"ಆರಕ್ಷರದ ಇಂಗ್ಲಿಷ್ ಶಬ್ದ. ಅದರಾಗ ಓ, ಟಿ ಎರಡೂ ಇರಬೇಕು. ಹೇಳಿದ್ರಷ್ಟ ಹೊರಗ ತಗೀತೇನಿ."

ಕತ್ತಲು, ಮೂಗಿನ ತುಂಬ ಎಳೆ, ಮೈಯೆಲ್ಲ ತುರಿಕೆ. ಒಂದು ಶಬ್ದವೂ ಹೊಳೆಯಲಿಲ್ಲ.

"ಅವ್ವಾ!" ಎಂದು ಚೀರಿದೆ.

"ಇಂಗ್ಲಿಷಿನ್ಯಾಗ ಹೇಳು!"

"ಮದರ್!"

ಕಾಕಾ ಎಂ-ಓ-ಟಿ-ಎಚ್-ಇ-ಆರ್ ಎಂದು ಬೆರಳು ಮಡಚಿ ಎಣಿಸಿದ. ನನ್ನ ರಟ್ಟೆ ಹಿಡಿದು ಮೇಲೆಳೆದ. "ಏ ಹುಡುಗಿ, ಕಾಟನ್ನೂ ಆರಕ್ಷರ, ನಿನ್ನ ಕಾಲ ಕೆಳಗ ಇತ್ತಲ್ಲ!"

"ಅಜ್ಜಿ, ಕಿಡಕಿ ಯಾಕ ತಗದೀ?" ಎಂದು ಕೇಳುತ್ತಿದ್ದಾಳೆ ಮೊಮ್ಮಗಳು.