ಸಜ್ಜದ ಮೇಲಿಟ್ಟ ಕಾಯಿ

ತಿಪಟೂರಿಗೆ ಬಂದ ಎರಡನೇ ದಿನ ಬಿಳಿ ಕೋಟಿನ ನರ್ಸಮ್ಮ ಒಬ್ಬಳು ನನ್ನ ಕೈಗೆ ಬಾಟಲಿ ಮುಚ್ಚಳ ಕೊಟ್ಟು, ಮೇಜಿನ ಮೇಲೆ ಅಂಟಿಸಿದ್ದ ಮೂರು ಮುಖ ತೋರಿಸಿದಳು. ಒಂದು ನಗುತ್ತಿತ್ತು, ಒಂದು ಸುಮ್ಮನಿತ್ತು, ಒಂದು ಅಳುತ್ತಿತ್ತು. "ಅಜ್ಜಿ, ಇವತ್ತು ನಿಮ್ಮ ಮನಸ್ಸು ಹೇಗಿದೆಯೋ ಆ ಮುಖದ ಮೇಲೆ ಇದನ್ನ ಇಡಿ" ಎಂದಳು. ಎಪ್ಪತ್ತೆರಡು ವರ್ಷದಲ್ಲಿ ನನ್ನ ಮನಸ್ಸು ಹೇಗಿದೆ ಎಂದು ಯಾರೂ ಕೇಳಿರಲಿಲ್ಲ. ಹಸುವಿಗೆ ಹುಲ್ಲು ಹಾಕಿದೆಯಾ ಎಂದು ಕೇಳಿದ್ದರು, ಮುದ್ದೆ ಆಯಿತಾ ಎಂದು ಕೇಳಿದ್ದರು. ನಾನು ಮುಚ್ಚಳವನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಹೋಗಿ ಕುರ್ಚಿಯಲ್ಲಿ ಕೂತೆ.

ಆ ಜಾಗಕ್ಕೆ ಹಗಲು ಮನೆ ಎನ್ನುತ್ತಾರೆ. ವಯಸ್ಸಾದವರನ್ನು ಬೆಳಿಗ್ಗೆ ಹತ್ತಕ್ಕೆ ವ್ಯಾನಿನಲ್ಲಿ ಕರೆತಂದು, ಬಿಪಿ, ಸಕ್ಕರೆ ನೋಡಿ, ಕೈಕಾಲು ಆಡಿಸಿ, ಊಟ ಹಾಕಿ, ನಾಲ್ಕಕ್ಕೆ ಮನೆಗೆ ಬಿಡುತ್ತಾರೆ. ಅಂಗನವಾಡಿ ಇದ್ದ ಹಾಗೆ. ಅಲ್ಲಿ ಹಲ್ಲು ಬರುತ್ತಿರುವವರು, ಇಲ್ಲಿ ಹಲ್ಲು ಬಿದ್ದವರು, ಅಷ್ಟೇ.

ಶೆಟ್ಟಿಕೆರೆ ಕಡೆಯ ನಮ್ಮ ಹಳ್ಳಿಯಿಂದ ತಿಪಟೂರಿಗೆ ಒಂದೇ ಬಸ್ಸಿನ ದಾರಿ. ಬೆಳಿಗ್ಗೆ ಹೋದವರು ಮಧ್ಯಾಹ್ನದ ಊಟಕ್ಕೆ ವಾಪಸು ಬರಬಹುದು. "ಗಂಗಕ್ಕ ಪರದೇಶಕ್ಕೆ ಹೋದವಳಂಗೆ ಆಡ್ತಾಳೆ" ಎಂದು ಊರಲ್ಲಿ ನೀವು ಆಡಿಕೊಂಡದ್ದು ನನ್ನ ಕಿವಿಗೂ ಬಿದ್ದಿದೆ. ಕೊಬ್ಬರಿ ಹಾಕಲು, ಆಸ್ಪತ್ರೆಗೆ, ಮದುವೆ ಜವಳಿಗೆ ಎಂದು ನಾನೂ ಎಷ್ಟೋ ಸಲ ಬಂದಿದ್ದ ಊರೇ. ಆದರೆ ಬಂದು ಹೋಗುವ ಊರು ಬೇರೆ, ಬಂದು ಇರುವ ಊರು ಬೇರೆ.

ಮಂಡಿ ಎರಡೂ ಹೋದವು. ತೋಟ ಮೈದುನ ನೋಡಿಕೊಳ್ಳುತ್ತಾನೆ, ನಾನು ಯಾರಿಗೂ ಬೇಡವಾಗಿರಲಿಲ್ಲ. ಬಚ್ಚಲಲ್ಲಿ ಎರಡು ಸಲ ಬಿದ್ದ ಮೇಲೆ ಮಗಳು ಲತಾ ಬಂದು ಎಳೆದುಕೊಂಡು ಬಂದಳು. ಅವಳು ಆಸ್ಪತ್ರೆಯಲ್ಲಿ ಆಯಾ, ಅಳಿಯ ಬಸ್ ಡ್ರೈವರ್. ಹಗಲು ಹೊತ್ತು ಇಬ್ಬರೂ ಮನೆಯಲ್ಲಿ ಇರುವುದಿಲ್ಲ. ಊರಲ್ಲಿ ಜಗುಲಿಯ ಮೇಲೆ ಕೂತರೆ ಹೋಗೋರು ಬರೋರು "ಉಂಡ್ಯಾ ಅಕ್ಕ?" ಎನ್ನುತ್ತಾರೆ. ಇಲ್ಲಿ ಮಹಡಿಯ ಗ್ರಿಲ್ಲಿನ ಹಿಂದೆ ಕೂತರೆ ರಸ್ತೆಯವರು ತಲೆಯೆತ್ತಿ ನೋಡುವುದಿಲ್ಲ. ಊರಲ್ಲಿ ಬಾಗಿಲು ತೆಗೆದಿರುತ್ತೆ, ಇಲ್ಲಿ ಬಾಗಿಲು ತೆಗೆಯುವ ಮೊದಲು ತೂತಿನಲ್ಲಿ ನೋಡಬೇಕು. ಹಗಲು ಮನೆಯಲ್ಲಿ ಮೊದಲ ದಿನ ಮುದ್ದೆಯ ತಟ್ಟೆಗೆ ಚಮಚ ಇಟ್ಟಿದ್ದರು. ಅದನ್ನು ನೋಡಿ ನನಗೆ ಅಳು ಬಂತು. ಚಮಚಕ್ಕೆ ಯಾರಾದರೂ ಅಳುತ್ತಾರಾ? ನಾನು ಅತ್ತೆ.

ಊರು ಬಿಡುವ ದಿನ ಮೈದುನ ಅಟ್ಟಕ್ಕೆ ಕಾಯಿ ತುಂಬುತ್ತಿದ್ದ. ರಾಶಿಯಿಂದ ಒಂದನ್ನು ಎತ್ತಿ ಬಟ್ಟೆ ಚೀಲಕ್ಕೆ ಹಾಕಿಕೊಂಡಿದ್ದೆ. ಲತಾಳ ಮನೆಗೆ ಅಟ್ಟವೇ ಇಲ್ಲ. ಹಗಲು ಮನೆ ಹಳೆಯ ಹಂಚಿನ ಮನೆ. ಅಡುಗೆಯವಳು ಪುಟ್ಟಮ್ಮ ನೊಣವಿನಕೆರೆ ಕಡೆಯವಳು. ಅವಳನ್ನು ಕೇಳಿ ಒಲೆಯ ಮೇಲಿನ ಸಜ್ಜದಲ್ಲಿ ಇಡಿಸಿದೆ. ಯಾಕೆ ಎಂದು ಅವಳು ಕೇಳಲಿಲ್ಲ. ನಮ್ಮ ಕಡೆಯವರು ಕೇಳುವುದಿಲ್ಲ.

ಕೇಳಿದವಳು ಜುಬೇದಾ, ನನ್ನ ಹಾಗೇ ಹಗಲು ಮನೆಗೆ ಬರುತ್ತಿದ್ದವಳು. ಗಂಡನ ಜೊತೆ ನಲವತ್ತು ವರ್ಷ ಹೊಲಿಗೆ ಮಿಷನ್ನಿನ ಪಕ್ಕ ಕೂತು ಕಿವಿ ಮಂದವಾಗಿತ್ತು. ಗಂಡ ಹೋದ ಮೇಲೆ ಮಗನ ಮನೆಯಲ್ಲಿದ್ದಳು. ಕೈ ನಡುಗುವ ಕಾಯಿಲೆ. ಮೊದಲ ವಾರ ನಾನು ಅವಳ ಪಕ್ಕ ಊಟಕ್ಕೆ ಕೂರಲಿಲ್ಲ. ಹೇಳಿಕೊಳ್ಳಲು ನಾಚಿಕೆ, ಆದರೆ ನಿಜ. ಊರಲ್ಲಿ ಬಟ್ಟೆ ಮಾರಲು ಬರುತ್ತಿದ್ದವರಿಗೆ ಜಗುಲಿಯಲ್ಲೇ ನೀರು ಕೊಟ್ಟವಳು ನಾನು. "ಬೂಬಮ್ಮ, ಸ್ವಲ್ಪ ಸರ್ಕೊಳ್ಳಿ" ಎಂದೆ ಒಂದು ದಿನ.

"ಬೂಬಮ್ಮ ಅಲ್ಲ, ಜುಬೇದಾ. ನಿನ್ನ ನಾನು ಗೌಡ್ತಮ್ಮ ಅಂತ ಕರೀಲಾ?" ಎಂದಳು.

ಒಂದು ದಿನ ಹಗಲು ಮನೆಯವರು ಎಲ್ಲರ ಕೈಗೂ ಸೂಜಿ ದಾರ ಕೊಟ್ಟರು. ಆಕ್ಟಿವಿಟಿ ಎನ್ನುತ್ತಾರೆ ಅದಕ್ಕೆ. ಊರಲ್ಲಿ ಕೆಲಸ ಎನ್ನುವುದಕ್ಕೆ ಇಲ್ಲಿ ಇಟ್ಟ ಹೆಸರು. ಜುಬೇದಾ ಎಲೆ ಅಡಿಕೆಯ ಸಂಚಿ ಹೊಲಿದಳು. ನರ್ಸಮ್ಮ "ಎಷ್ಟು ಚೆನ್ನಾಗಿದೆ!" ಎಂದಳು, ಉಳಿದವರು ಚಪ್ಪಾಳೆ ತಟ್ಟಿದರು. ಜುಬೇದಾ ನನ್ನ ಮುಖ ನೋಡಿದಳು.

"ಸೊಟ್ಟ ಐತೆ" ಎಂದೆ.

ಅವಳು ನಕ್ಕ ನಗೆಗೆ, ನರ್ಸಮ್ಮ ಅವಳ ತೋಳಿಗೆ ಸುತ್ತುತ್ತಿದ್ದ ಬಿಪಿ ಪಟ್ಟಿ ಕಳಚಿ ಬಿತ್ತು. "ಒಂದು ವರ್ಷದಿಂದ ಎಲ್ರೂ ಸುಳ್ಳು ಹೇಳ್ತಾವ್ರೆ ಗಂಗಕ್ಕ. ನನ್ನ ಕೈ ನಂಗೆ ಗೊತ್ತಿಲ್ವಾ? ತಗೋ, ಈ ಸೊಟ್ಟ ಸಂಚಿ ನಿಂದೇ" ಎಂದಳು.

ಅಲ್ಲಿಂದ ನಮ್ಮ ಕುರ್ಚಿಗಳು ಪಕ್ಕಪಕ್ಕಕ್ಕೆ ಬಂದವು. ವ್ಯಾನು ಹತ್ತುವಾಗ ಅವಳ ಕೈ ನಾನು ಹಿಡಿಯುತ್ತಿದ್ದೆ, ಇಳಿಯುವಾಗ ನನ್ನ ಮಂಡಿಗೆ ಅವಳ ಭುಜ. ಅವಳ ಡಬ್ಬಿಯ ಮೆಂತ್ಯ ರೊಟ್ಟಿ ತಿಂದೆ. ಲತಾ ಬೆರಗಾದಳು. ಜುಬೇದಾಳ ಮಾತು ಅವಳ ಕಿವಿಗೇ ಕೇಳಿಸುವಷ್ಟು ಜೋರು, ಅಂದರೆ ಬೀದಿಗೆ ಕೇಳುವಷ್ಟು. ನನ್ನ ಮುಚ್ಚಳವನ್ನು ಅವಳೇ ಕಿತ್ತುಕೊಂಡು ನಗುವ ಮುಖದ ಮೇಲೆ ಇಡುತ್ತಿದ್ದಳು. "ನಿನ್ನ ಮುಖ ನೋಡಿದ್ರೆ ಗೊತ್ತಾಗಲ್ಲ, ಅದಕ್ಕೇ ನಾನು ಇಡ್ತೀನಿ" ಎನ್ನುತ್ತಿದ್ದಳು. ಬಂದ ಮೇಲೆ ಮೊದಲ ಸಲ ಹೊಟ್ಟೆ ತುಂಬಾ ಉಂಡದ್ದು, ಹೊರಳಾಡದೆ ಮಲಗಿದ್ದು ಆಗಲೇ.

ಸಜ್ಜದ ಕಾಯಿಯ ಕಥೆ ಅವಳಿಗೆ ಹೇಳಿದೆ. ಕೊಬ್ಬರಿಗೆ ಹೆಸರಾದ ತಿಪಟೂರಲ್ಲೇ ಹುಟ್ಟಿದವಳು, ಆದರೆ ಅಂಗಡಿಯಿಂದ ತಂದ ಕೊಬ್ಬರಿ ಮಾತ್ರ ಕಂಡವಳು. ಕಾಯಿ ಸಿಪ್ಪೆ ಸಮೇತ ಅಟ್ಟದಲ್ಲಿ ಹತ್ತು ಹನ್ನೊಂದು ತಿಂಗಳು ಕೂರಬೇಕು. ಮೊದಲು ಅಲುಗಿಸಿದರೆ ನೀರು ಕುಲುಕುತ್ತದೆ. ಆಮೇಲೆ ನೀರು ಇಂಗಿ ಸದ್ದೇ ಇರುವುದಿಲ್ಲ. ಕೊನೆಗೆ ಒಂದು ದಿನ ತಿರುಳು ಕರಟ ಬಿಟ್ಟು ಒಳಗೆ ಲೊಟ ಲೊಟ ಎನ್ನುತ್ತದೆ. ಆಗ ಅದು ಕೊಬ್ಬರಿ. ಅವಸರಪಟ್ಟು ಒಡೆದರೆ ಅತ್ತ ಕಾಯಿಯೂ ಅಲ್ಲ, ಇತ್ತ ಕೊಬ್ಬರಿಯೂ ಅಲ್ಲ. ಊರಲ್ಲಿ ಕಾಯಿ ಇಳಿಸುವ ಮೊದಲು ಕಿವಿ ಕೊಟ್ಟು ನೋಡುತ್ತಿದ್ದವಳು ನಾನೇ ಎನ್ನುವುದು ನಿಮಗೆ ಗೊತ್ತು.

ತಿಂಗಳಿಗೊಮ್ಮೆ ಪುಟ್ಟಮ್ಮ ಕಾಯಿ ಇಳಿಸಿಕೊಡುತ್ತಿದ್ದಳು. ಜುಬೇದಾ ಅಲ್ಲಾಡಿಸಿ ನೋಡುತ್ತಿದ್ದಳು. ಕಿವಿಗೆ ಕೇಳದು. ಕೈಯೇ ನಡುಗುವುದರಿಂದ ಯಾವುದು ಕಾಯಿಯ ಅಲುಗಾಟ, ಯಾವುದು ಕೈಯದು ಎಂದೂ ತಿಳಿಯದು. "ಏನಂತದೆ ನಿನ್ನ ಕಾಯಿ?" ಎಂದು ನನ್ನ ಕೈಗೆ ಕೊಡುತ್ತಿದ್ದಳು.

ಭದ್ರಾವತಿಯಲ್ಲಿದ್ದ ಅವಳ ಮಗಳು ಶಮೀಮ್, ಬಂದು ನನ್ನ ಜೊತೆಯಲ್ಲೇ ಇರು ಎಂದು ದೀಪಾವಳಿಯ ಹೊತ್ತಿನಿಂದ ಕರೆಯುತ್ತಿದ್ದಳು. ಜುಬೇದಾಳಿಗೂ ಆಸೆ. ಒಂದು ದಿನ ನನ್ನೆದುರೇ ಫೋನಿನಲ್ಲಿ ಕೂಗಿದಳು: "ಬರ್ತೀನಿ ಕಣೇ. ಗಂಗಕ್ಕನ ಕಾಯಿ ಕೊಬ್ಬರಿ ಆಗ್ಲಿ, ಅದನ್ನ ತಗೊಂಡೇ ಬರ್ತೀನಿ. ರಂಜಾನ್‌ಗೆ ಶೀರ್ ಖುರ್ಮಾ ನನ್ನ ಕೈಯಾರೆ ಮಾಡ್ತೀನಿ." ಶೀರ್ ಖುರ್ಮಾ ಎಂದರೆ ಹಾಲು, ಶಾವಿಗೆ, ಖರ್ಜೂರ ಹಾಕಿ, ಕೊಬ್ಬರಿ ಸಣ್ಣಗೆ ಹೆಚ್ಚಿ ಬೆರೆಸುವ ಪಾಯಸ. ಫೋನಿಟ್ಟು ನನಗೆ, "ಕಾಯಿ ಆದ ದಿನ ಹೇಳೇ, ಮಾರನೇ ದಿನ ಹೊರಡ್ತೀನಿ" ಎಂದಳು.

"ಹೂಂ" ಎಂದೆ.

ಸಂಕ್ರಾಂತಿ ಆದ ವಾರ ಪುಟ್ಟಮ್ಮ ಕಾಯಿ ಇಳಿಸಿದಳು. ಅವಳ ಕೈಯಲ್ಲಿರುವಾಗಲೇ ನನಗೆ ಕೇಳಿಸಿತು. ಲೊಟ ಲೊಟ. ಕಿವಿಗೆ ಹಿಡಿಯುವ ಅಗತ್ಯವೇ ಇರಲಿಲ್ಲ. ಆದರೂ ಹಿಡಿದೆ, ಹೊತ್ತು ಕಳೆಯಲು. ಜುಬೇದಾ ನನ್ನ ತುಟಿಯನ್ನೇ ನೋಡುತ್ತಿದ್ದಳು.

"ಇನ್ನೂ ಆಗಿಲ್ಲ" ಎಂದೆ.

ಪುಟ್ಟಮ್ಮ ತಿರುಗಿದಳು. "ಅಯ್ಯೋ ಗಂಗಮ್ನೋರೇ, ಆಗೈತಲ್ಲ..."

"ನಿನ್ನ ಸಾರು ಉಕ್ತಾ ಐತೆ, ನೋಡೋಗು" ಎಂದೆ.

ಪುಟ್ಟಮ್ಮ ನನ್ನ ಮುಖವನ್ನು ಒಂದು ಗಳಿಗೆ ನೋಡಿ ಕಾಯಿ ತೆಗೆದುಕೊಂಡು ಹೋದಳು. ಮತ್ತೆ ಆ ಮಾತು ಎತ್ತಲಿಲ್ಲ. ಮುಂದಿನ ತಿಂಗಳೂ ಜುಬೇದಾ ಕೇಳಿದಳು, ಮುಂದಿನ ತಿಂಗಳೂ ನಾನು ಅದನ್ನೇ ಹೇಳಿದೆ. "ನಿಮ್ಮೂರ ಕಾಯಿ ಬಲು ಸೋಮಾರಿ ಬುಡು" ಎಂದು ನಕ್ಕಳು. ಇನ್ನೊಂದು ತಿಂಗಳು ಇರಲಿ, ಆಮೇಲೆ ಹೇಳೋಣ ಎಂದುಕೊಂಡಿದ್ದೆ. ಭದ್ರಾವತಿಗೆ ಹೋದವಳು ಹಿಂದೆ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು.

ಅವರ ಉಪವಾಸದ ತಿಂಗಳು ಶುರುವಾಗಿ ಒಂದು ವಾರಕ್ಕೆ, ಬೆಳಿಗ್ಗೆ ವ್ಯಾನು ಅವಳಿಲ್ಲದೆ ಬಂತು. ತಲೆ ಬಾಚಿಕೊಳ್ಳುತ್ತಾ ಕೂತವಳು ಹಾಗೇ ವಾಲಿಕೊಂಡಳಂತೆ. ಎದೆ ನಿಂತಿತ್ತು. ಆ ದಿನ ನರ್ಸಮ್ಮ ಯಾರ ಕೈಗೂ ಮುಚ್ಚಳ ಕೊಡಲಿಲ್ಲ. ಒಳ್ಳೆಯದಾಯಿತು.

ಮಾರನೆಯ ದಿನ ಲತಾಳನ್ನು ಕರೆದುಕೊಂಡು, ಕಾಯಿಯನ್ನು ಚೀಲಕ್ಕೆ ಹಾಕಿಕೊಂಡು ಅವರ ಮನೆಗೆ ಹೋದೆ. ಹೊಲಿಗೆ ಅಂಗಡಿಯ ಮೇಲೆ ಮನೆ. ಒಂದೊಂದು ಮೆಟ್ಟಿಲು ಹತ್ತಿದಾಗಲೂ ಚೀಲದಲ್ಲಿ ಅದು ಲೊಟ ಲೊಟ ಎನ್ನುತ್ತಿತ್ತು. ಮೇಲೆ ಶಮೀಮ್ ಕೂತಿದ್ದಳು. ತಾಯಿಯದೇ ಮೂಗು.

"ನೀವೇ ಗಂಗಕ್ಕನಾ?" ಎಂದು ನನ್ನ ಕೈ ಹಿಡಿದಳು. "ಫೋನ್ ಮಾಡ್ದಾಗೆಲ್ಲ ನಿಮ್ಮದೇ ಮಾತು. ಯಾವಾಗ ಬರ್ತೀಯಾ ಅಮ್ಮಿ ಅಂದ್ರೆ, ಕಾಯಿ ಇನ್ನೂ ಆಗಿಲ್ವಂತೆ ಕಣೇ, ಗಂಗಕ್ಕ ಮುಖಕ್ಕೆ ಹೊಡ್ದಂಗೆ ನಿಜ ಹೇಳೋಳು, ಅವ್ಳು ಆಗಿದೆ ಅಂದ ದಿನ ಹೊರಡ್ತೀನಿ ಅನ್ನೋರು."

ಕಾಯಿಯನ್ನು ಅವಳ ಮಡಿಲಿಗೆ ಹಾಕಿದೆ. "ಈಗ ಆಗೈತೆ ಕಣವ್ವ" ಎಂದೆ. ಎರಡು ತಿಂಗಳು ಮಗಳ ಜೊತೆ ಇರಬೇಕಾದವಳನ್ನು ನನ್ನ ಪಕ್ಕದ ಕುರ್ಚಿಗೆ ಕಟ್ಟಿಹಾಕಿದೆ ಎಂದು ಅಲ್ಲಿ ಹೇಳಲು ಬಾಯಿ ಬರಲಿಲ್ಲ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ಕೈಯಲ್ಲಿ ಊರಿನ ನಿಮಗೆಲ್ಲ ಈ ಕಾಗದ ಬರೆಯುತ್ತಿದ್ದೇನೆ. ಅದಕ್ಕೇ ಬರೆಯುತ್ತಿದ್ದೇನೆ.

ಹಬ್ಬ ಆದ ಮೇಲೆ ಶಮೀಮ್ ಅಣ್ಣನ ಕೈಲಿ ಹಗಲು ಮನೆಗೆ ಡಬ್ಬಿ ಕಳಿಸಿದಳು. ಶೀರ್ ಖುರ್ಮಾ. ಕೊಬ್ಬರಿ ಚೂರು ನಮ್ಮ ತೋಟದ್ದು. ನನಗೆ ಹಲ್ಲಿಲ್ಲ. ತುಂಬಾ ಹೊತ್ತು ಬಾಯಲ್ಲೇ ಇಟ್ಟುಕೊಂಡು ನುಂಗಿದೆ.

ಯುಗಾದಿ ಕಳೆದು ಊರಿಗೆ ಬಂದಿದ್ದೆನಲ್ಲ, ಮೈದುನ ಅಟ್ಟದಿಂದ ಕಾಯಿ ತಂದು, "ಅತ್ತಿಗೆ, ಕಿವಿ ಕೊಡಿ" ಎಂದು ಕೈಗೆ ಕೊಟ್ಟ. ನೀವೆಲ್ಲ ಸುತ್ತ ನಿಂತಿದ್ದಿರಿ. "ಕಿವಿ ಮಂದ ಆಗೈತೆ ಕಣಪ್ಪ, ನೀನೇ ನೋಡ್ಕೋ" ಎಂದೆ. ಅದು ಎರಡನೇ ಸುಳ್ಳು. ಇಲ್ಲೇ ಇದ್ದುಬಿಡಿ, ಬಚ್ಚಲಿಗೆ ಹಿಡಿಕೆ ಹಾಕಿಸುತ್ತೇನೆ ಎಂದ ಅವನು. ಜಗುಲಿ ಇತ್ತು, "ಉಂಡ್ಯಾ ಅಕ್ಕ" ಇತ್ತು. ಆದರೆ ನಾಲ್ಕನೇ ದಿನ ಬೆಳಿಗ್ಗೆ ಹತ್ತು ಗಂಟೆಗೆ ಕಾಲು ತಾನಾಗಿ ಚಪ್ಪಲಿ ಹುಡುಕಿತು, ವ್ಯಾನು ಬರುತ್ತದೆಂದು. ಆ ವ್ಯಾನಿನಲ್ಲಿ ಈಗ ಜುಬೇದಾ ಇಲ್ಲ ಎಂದು ಆಮೇಲೆ ನೆನಪಾಯಿತು.

ಊರಲ್ಲಿ ನನ್ನ ಕಿವಿಗೆ ಕೆಲಸ ಇದೆ. ಇಲ್ಲಿ ನನ್ನ ತಪ್ಪು ಇದೆ. ಎರಡನ್ನೂ ಒಂದೇ ಕಡೆ ಇಟ್ಟುಕೊಂಡು ಕೂರಲು ಆಗುವುದಿಲ್ಲ, ಅದಕ್ಕೇ ತಪ್ಪು ಇರುವ ಕಡೆಗೇ ವಾಪಸು ಬಂದೆ.

ಬರುವಾಗ ಹೊಸದಾಗಿ ಕಿತ್ತ ಕಾಯಿ ಒಂದು ತಂದೆ. ಪುಟ್ಟಮ್ಮ ಅದನ್ನು ಸಜ್ಜಕ್ಕೆ ಇಟ್ಟಳು. ನೀರು ಕುಲುಕುತ್ತಿದೆ, ಇನ್ನೂ ಎಷ್ಟೋ ತಿಂಗಳು ಬೇಕು. ಅದು ಆದ ದಿನವೇ ಆಗಿದೆ ಎಂದು ಗಟ್ಟಿಯಾಗಿ ಹೇಳುತ್ತೇನೆ. ಪಕ್ಕದ ಕುರ್ಚಿಯಲ್ಲಿ ಯಾರಾದರೂ ಇರಲಿ, ಇಲ್ಲದಿರಲಿ.